ಅಮೃತಮ್ಮನ ಏಳು ಪಾವು ಪಾಸ್ತಾ

ಸುರಪುರದ ಗುಡ್ಡದ ಬುಡದ ಓಣಿಯಲ್ಲಿ ಯಾರ ಮನೆಯಲ್ಲಿ ಊಟದ ಕಾರ್ಯ ಬಂದರೂ ಮೊದಲು ಅಮೃತಮ್ಮನ ಕಟ್ಟೆಗೆ ಬಂದು ಕೂಡುವುದು ಒಂದು ಕಾಲದಲ್ಲಿ ರೂಢಿಯಾಗಿತ್ತು. ತೊಟ್ಟಿಲ ಕಾರ್ಯವಿರಲಿ, ಮದುವೆಯಿರಲಿ, ಹೊಸ ಮನೆ ಹೊಕ್ಕ ದಿನವಿರಲಿ, "ಅಮೃತವ್ವಾ, ಎಷ್ಟ ಅಕ್ಕಿ ಹಾಕೂಣು?" ಎಂದು ಕೇಳುತ್ತಿದ್ದರು. ಕೇಳಲು ಬಂದವರು ನೂರು ಮಂದಿ, ಇನ್ನೂರು ಮಂದಿ ಎಂದು ತಲೆ ಎಣಿಸಿ ಹೇಳಿದರೆ ಆಕೆ ಕೈ ಅಲ್ಲಾಡಿಸಿಬಿಡುತ್ತಿದ್ದಳು.

"ತಲಿ ಬ್ಯಾಡ್ರೆವಾ, ಹೊಟ್ಟಿ ಹೇಳ್ರಿ. ಯಾರ್ಯಾರು ಬರ್ತಾರ?"

ಅಮೃತಮ್ಮನಿಗೆ ಗುಣಿಸುವ ವಿದ್ಯೆ ಬಾರದು. ಶಾಲೆಯ ಮೆಟ್ಟಿಲು ಎರಡು ವರ್ಷ ಹತ್ತಿದ್ದಳು. ತನ್ನ ಹೆಸರು ಬರೆಯುತ್ತಾಳೆ, ಬಸ್ಸಿನ ನಂಬರು ಓದುತ್ತಾಳೆ, ಅಷ್ಟೇ. ಆಕೆಯ ಲೆಕ್ಕದ ದಾರಿಯೇ ಬೇರೆ. ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದರೆ ಒಳಗೆ ಒಂದು ಉದ್ದನೆಯ ಚಾಪೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಬರಬೇಕಾದವರೆಲ್ಲ ಒಬ್ಬೊಬ್ಬರಾಗಿ ಬಂದು ಅದರ ಮೇಲೆ ಕೂಡುತ್ತಿದ್ದರು. ಆಕೆ ಸೆರಗು ಸಿಕ್ಕಿಸಿ, ಸೌಟು ಹಿಡಿದು ಆ ಸಾಲಿನಲ್ಲಿ ಬಡಿಸುತ್ತ ಹೋಗುತ್ತಿದ್ದಳು. ಹೊಲದಿಂದ ಬಂದ ಆಳಿಗೆ ಮೂರು ಸೌಟು, ಹಲ್ಲಿಲ್ಲದ ಮುದುಕನಿಗೆ ಒಂದೂವರೆ, ಹೊಸ ಸೊಸೆಗೆ ಅತ್ತೆಯ ಎದುರಿಗೆ ಒಂದು, ಅತ್ತೆ ಕೈತೊಳೆಯಲು ಎದ್ದ ಮೇಲೆ ಇನ್ನೊಂದು. ಅವರು "ಸಾಕು" ಎಂದು ಎಲೆಗೆ ಕೈ ಅಡ್ಡ ಹಿಡಿಯುವ ತನಕ ಮುಂದಿನವರ ಕಡೆಗೆ ಹೋಗಬಾರದು; ಅದು ಆಕೆ ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಕಟ್ಟಕಡೆಯವರು ಕೈ ಅಡ್ಡ ಹಿಡಿದಾಗ ಕೊಪ್ಪರಿಗೆಯ ತಳ ನೋಡಿ ಕಣ್ಣು ತೆರೆಯುತ್ತಿದ್ದಳು.

"ಹದಿನೆಂಟ ಸೇರು. ಮ್ಯಾಲ ಮೂರ ಪಾವು" ಎನ್ನುತ್ತಿದ್ದಳು. ಆ ಮೂರು ಪಾವನ್ನು ನಗೆಯಾಡಿ ಬಿಟ್ಟವರು ಸಂಜೆಯ ಹೊತ್ತಿಗೆ ಪಕ್ಕದ ಮನೆಗೆ ಅಕ್ಕಿ ಕೇಳಲು ಓಡಿದ್ದುಂಟು.

ಅಳೆಯಲು ಆಕೆಯ ಬಳಿ ಇದ್ದದ್ದು ಒಂದೇ ಒಂದು ಹಿತ್ತಾಳೆಯ ಪಾವು. ಸೇರಿನ ಕಾಲು ಭಾಗ ಹಿಡಿಯುವ ಆ ಅಳತೆಯನ್ನು ಅತ್ತೆ ಸಾಯುವ ಮುಂಚೆ ಕೈಗೆ ಕೊಟ್ಟಿದ್ದಳು. ಅದರ ಕಂಠದಲ್ಲಿ ಒಂದು ತಗ್ಗಿತ್ತು. ಹೆಬ್ಬೆರಳು ಸರಿಯಾಗಿ ಅಲ್ಲಿ ಕೂಡುತ್ತಿತ್ತು. ನಲವತ್ತು ವರ್ಷ ಅದು ಆಕೆಯ ಕೈಬಿಡಲಿಲ್ಲ. ಮೂರು ವರ್ಷದ ಹಿಂದೆ ಬಿಟ್ಟಿತು.

ಗಂಡ ಪರಮಣ್ಣ ತೀರಿದ ಹನ್ನೊಂದನೆಯ ದಿನದ ಊಟ ಅದು. ನೂರಾ ನಲವತ್ತು ಎಲೆ. "ಈ ಸಲ ನೀ ಸುಮ್ಕ ಕುಂದರಬೇ" ಎಂದು ಮಗ ಹೇಳಿದ. ಆಕೆ ಕೇಳಲಿಲ್ಲ. ಕಣ್ಣು ಮುಚ್ಚಿ ಸಾಲು ಹಾಸಿದಳು, ಬಡಿಸುತ್ತ ಹೋದಳು. ನೂರು ಎಲೆ ದಾಟಿರಬೇಕು, ಸಾಲಿನ ನಡುವೆ ಪರಮಣ್ಣ ಕುಳಿತಿದ್ದ. ಬಿಳಿ ಅಂಗಿ, ಹೆಗಲ ಮೇಲೆ ಕೆಂಪು ವಸ್ತ್ರ. ಆತ ಬದುಕಿದ್ದಾಗಲೂ ಒಂದು ದಿನ "ಸಾಕು" ಅಂದವನಲ್ಲ. ತಾಟು ಹಿಡಿದು ನಗುತ್ತ ನೋಡುವನು. ಹಾಕಿದರೆ ಉಣ್ಣುವನು, ಹಾಕದಿದ್ದರೆ ಕೇಳುವವನಲ್ಲ. ಅಂದೂ ಹಾಗೆಯೇ ನೋಡಿದ. ಅಮೃತಮ್ಮ ಹಾಕಿದಳು, ಹಾಕಿದಳು. ಸೌಟು ಹಿಡಿದು ಅಲ್ಲೇ ನಿಂತುಬಿಟ್ಟಳು. ಮುಂದಿನ ಎಲೆಗಳಿಗೆ ಹೋಗಲೇ ಇಲ್ಲ. ಕಣ್ಣು ತೆರೆದು ಒಂದು ಅಂದಾಜಿನ ಮಾತು ಹೇಳಿದಳು. ಅಂದು ಕೊನೆಯ ಪಂಕ್ತಿಯ ಇಪ್ಪತ್ತೆರಡು ಮಂದಿ ಅನ್ನವಿಲ್ಲದೆ ಬರೇ ಹುಗ್ಗಿ ಉಂಡು ಎದ್ದರು.

ಯಾರೂ ಎದುರಿಗೆ ಆಡಲಿಲ್ಲ. ಆದರೆ ಮರುದಿನ ಸೊಸೆ ಮೌನೇಶ್ವರಿ ಪಾವನ್ನು ತೊಳೆದು ಒರೆಸಿ ಮೇಲಿನ ಹಲಗೆಯ ಮೇಲೆ, ದೊಡ್ಡ ಪಾತ್ರೆಗಳ ಹಿಂದೆ ಇಟ್ಟಳು. "ನಿಮಗ ವಯಸ್ಸಾತ್ರಿ ಅತ್ತಿ. ಇನ್ನ ಆರಾಮ ಇರ್ರಿ" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಂದಿನಿಂದ ಆ ಮನೆಯ ಅಕ್ಕಿಯನ್ನು ಒಂದು ಪ್ಲಾಸ್ಟಿಕ್ ಗ್ಲಾಸು ಅಳೆಯಿತು. ಕಟ್ಟೆಗೆ ಬಂದು ಕೇಳುವವರೂ ನಿಂತರು. ಅಮೃತಮ್ಮ ಮಾತ್ರ ಅಡುಗೆಮನೆಗೆ ಹೋದಾಗಲೆಲ್ಲ ಒಮ್ಮೆ ತಲೆಯೆತ್ತಿ ಹಲಗೆಯ ಕಡೆಗೆ ನೋಡಿ ಬರುತ್ತಿದ್ದಳು.

ಹೀಗಿರುವಾಗ, ಹೊಲಕ್ಕೆ ಚರಗದ ಅನ್ನ ಚೆಲ್ಲಿ ಅಲ್ಲೇ ಉಣ್ಣುವ ಎಳ್ಳಮಾಸಿ ಹಬ್ಬಕ್ಕೆ ಹತ್ತು ದಿನ ಮುಂಚೆ ಮೊಮ್ಮಗಳು ಭಾಗ್ಯ ರಜೆ ಹಾಕಿ ಊರಿಗೆ ಬಂದಳು. ಆಕೆ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಔಷಧದ ಡಬ್ಬಿ ತುಂಬುವ ವಿಭಾಗದಲ್ಲಿ ಕೆಲಸಕ್ಕಿದ್ದಳು, ಸೈದಾಪುರದಲ್ಲಿ ರೂಮು. ಬಂದವಳೇ ಚೀಲದಿಂದ ಒಂದು ಪಾಕೀಟು ತೆಗೆದು ಅಜ್ಜಿಯ ತೊಡೆಯ ಮೇಲೆ ಇಟ್ಟಳು.

"ಆಯಿ, ನಮ್ಮ ಸೆಕ್ಷನ್ನಿನ ಇಪ್ಪತ್ತನಾಕ ಮಂದಿ ಹುಡಿಗೇರು ಈ ಸಲ ಚರಗಕ್ಕ ನಮ್ಮ ಹೊಲಕ್ಕ ಬರ್ತಾರ. ಸಂಕ್ರಮಣ ಆದ ಮ್ಯಾಲ ನಮ್ಮನ್ನ ಎರಡ ಕಡಿ ಹಂಚ್ತಾರಂತ. ಮತ್ತ ಎಲ್ಲಾರೂ ಒಂದಽ ಕಡಿ ಕೂಡಿ ಉಣ್ಣೂದು ಇಲ್ಲ. ನಾ ಅವರಿಗಿ ಪಾಸ್ತಾ ಸಲಾಡ್ ಮಾಡ್ತೀನಂತ ಹೇಳೀನಿ."

"ಅದೇನದು?"

"ಇದನ್ನ ಕುದಿಸಿ, ಆರಿಸಿ, ಸವತಿಕಾಯಿ, ಟಮಾಟಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಎಣ್ಣಿ, ಲಿಂಬಿಹುಳಿ, ಮೆಣಸಿನ ಪುಡಿ ಕಲಸೂದು. ತಣ್ಣಗ ತಿನ್ನೂದು."

"ಹಂಗಾರ ಪಚಡಿ ಅನ್ನು" ಎಂದಳು ಅಮೃತಮ್ಮ. ಪಾಕೀಟಿನೊಳಗಿನ ಬಾಗಿದ ಕೊಳವೆಗಳನ್ನು ಬೆರಳಿನಿಂದ ಒತ್ತಿ ನೋಡಿದಳು. "ಇದೂ ಹೊಸಾದಲ್ಲ. ನಮ್ಮವ್ವ ಮದುವಿಗಿ ಗೌಲಿ, ಬಟವಿ ಅಂತ ಗೋದಿಹಿಟ್ಟಿನಾಗ ಹೊಸೀತಿದ್ಲು. ಅವೂ ಹಿಂಗಽ ಸಣ್ಣ ಸಣ್ಣಾವು. ಇವು ಮಷಿನ್ನಿನಾಗ ಹುಟ್ಟ್ಯಾವ, ಅಷ್ಟಽ."

"ಎಷ್ಟ ಬೇಕಾಗ್ತದ ಆಯಿ? ನೀನಽ ಹೇಳಬೇಕು."

ಒಳಗಿಂದ ಮೌನೇಶ್ವರಿಯ ದನಿ ಬಂತು. "ಅದನ್ನೇನ ಕೇಳ್ತಿ ಅವರಿಗಿ? ಅನ್ನದ ಲೆಕ್ಕ ಹಿಡಿ. ನಾವೂ ಕೂಡಿ ಮೂವತ್ತ ಮಂದಿ, ಮೂರ ಕಿಲೋ ತಗೊಂಡ ಬಾ. ಉಳದ್ರ ಉಳೀಲಿ. ಕಮ್ಮಿ ಬಿದ್ದು ಮತ್ತೊಮ್ಮಿ ಮಂದಿ ಬಾಯಿಗಿ ಬೀಳೂದು ಬ್ಯಾಡ."

'ಮತ್ತೊಮ್ಮೆ' ಎಂಬ ಮಾತು ಬಾಗಿಲು ದಾಟಿ ಬಂದು ಕಟ್ಟೆಯ ಮೇಲೆ ಕುಳಿತಂತಾಯಿತು. ಭಾಗ್ಯ ಅಜ್ಜಿಯ ಮುಖ ನೋಡಿದಳು. ಅಮೃತಮ್ಮ ಪಾಕೀಟನ್ನು ಸೆರಗಿನಿಂದ ಒರೆಸುತ್ತಿದ್ದಳು.

"ನಿಮ್ಮವ್ವ ಹೇಳೂದು ಖರೇ ಇರಬಹುದು" ಎಂದಳು. "ಆದ್ರ ನೀ ನನಗ ಕೇಳೀದಿ. ನಾಕ ದಿನ ಟೈಮ ಕೊಡು. ಮೊದಲ ಆ ಪಾವು ಇಳಿಸಿ ತಾ."

"ಪಾವಿನ ಮಾತ ಬ್ಯಾಡ್ರಿ" ಎಂದು ಒಳಗಿಂದ ಉತ್ತರ ಬಂತು. "ಗ್ಲಾಸ ಐತಲ್ಲ."

ಕೊನೆಗೆ ಭಾಗ್ಯಳೇ ಸ್ಟೂಲು ಹಾಕಿ ಹತ್ತಿದಳು. ಮೌನೇಶ್ವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು: "ಇದೊಂದ ಸಲ. ಬರಾಬ್ಬರಿ ಬಂದ್ರ ಪಾವು ನಿಮ್ಮ ಅಜ್ಜಿ ಕೈಯಾಗಽ ಇರ್ಲಿ, ಮನಿ ಅಕ್ಕಿನೂ ಅವರಽ ಅಳೀಲಿ. ತಪ್ಪಿದ್ರ ಮಾತ್ರ ಹಳೆ ಸಾಮಾನಿನವಗ ಹಾಕಿಬಿಡ್ತೀನಿ ನೋಡು."

"ಆತು" ಎಂದಳು ಅಮೃತಮ್ಮ. ಅಷ್ಟು ಮೆಲ್ಲಗೆ ಹೇಳಿದ್ದು ಸೊಸೆಗೆ ಕೇಳಿಸಿತೋ ಇಲ್ಲವೋ. ಹೆಬ್ಬೆರಳು ಮಾತ್ರ ಆ ತಗ್ಗಿನಲ್ಲಿ ಕುಳಿತಾಗಿತ್ತು.

ಮೊದಲು ವಸ್ತುವಿನ ಗುಣ ತಿಳಿಯಬೇಕು. ಅರ್ಧ ಕಿಲೋದ ಪಾಕೀಟು ಒಡೆದು ಪಾವಿಗೆ ಸುರಿದಳು. ನಾಲ್ಕು ಪಾವು ತುಂಬಿ ಮೇಲೊಂದು ಹಿಡಿ ಉಳಿಯಿತು. ಅರ್ಧ ಕಿಲೋ ಅಕ್ಕಿಯಾದರೆ ಎರಡು ಪಾವಿಗೇ ಮುಗಿಯುತ್ತಿತ್ತು.

"ನೋಡಿಲ್ಲಿ, ಟೊಳ್ಳು ಐತಿ" ಎಂದಳು. "ಗಾಳಿನೂ ಅಳತಿಯಾಗ ಬಂದು ಕುಂತದ."

ಒಂದು ಪಾವು ಕುದಿಸಿದಳು. ಬಸಿದು ಅಳೆದರೆ ಎರಡು ಪಾವಾಯಿತು. ಸವತಿಕಾಯಿ, ಟಮಾಟಿ, ಉಳ್ಳಾಗಡ್ಡಿ ಕೂಡಿ ಒಂದು ಪಾವು ಹೆಚ್ಚಿ ಹಾಕಿದರೆ ಮೂರು. ಎಣ್ಣೆ, ಲಿಂಬೆಹುಳಿ ಕಲಸಿ ಇಟ್ಟಳು. ಭಾಗ್ಯ ಚಮಚ ತಂದಳು.

"ತಡಿ. ಹೊಲಕ್ಕ ಹೋಗಿ ಚರಗ ಚೆಲ್ಲಿ ಉಣ್ಣಾಕ ಕುಂದ್ರೂದು ಎಷ್ಟ ಹೊತ್ತಿಗಿ? ಮುಂಜಾನಿ ಕಲಸಿದ್ದು ಅಷ್ಟೊತ್ತು ಕುಂದ್ರಬೇಕಲ್ಲ."

ಹೀಗೆ ಆ ಬೋಗುಣಿ ಎರಡು ತಾಸು ಮುಚ್ಚಿಕೊಂಡು ಕುಳಿತಿತು. ಅಜ್ಜಿ ಮೊಮ್ಮಗಳು ಅದರ ಎದುರಿಗೆ ಕುಳಿತರು. ಮೌನೇಶ್ವರಿ ನೀರಿನ ಕೊಡ ಹೊತ್ತು ಬರುತ್ತ ಹೋಗುತ್ತ, "ಮರಿ ಹಾಕೂತನಕ ಕುಂದ್ರವರೇನ?" ಎಂದು ನಕ್ಕಳು. ಮುಚ್ಚಳ ತೆಗೆದರೆ ಪಾಸ್ತಾ ಒಣಗಿ ಒಂದಕ್ಕೊಂದು ಅಂಟಿತ್ತು. ಹುಳಿ, ಎಣ್ಣೆ, ಟಮಾಟಿಯ ರಸ ಎಲ್ಲವನ್ನೂ ಕುಡಿದುಬಿಟ್ಟಿತ್ತು.

"ಭಾಳ ಕುಡಕ ಐತಿದು" ಎಂದಳು ಅಮೃತಮ್ಮ ಸಂತೋಷದಿಂದ, ಹೊಸಬನ ಗುಟ್ಟು ಸಿಕ್ಕವಳಂತೆ. "ಹುಳಿ, ಎಣ್ಣಿ ಅರ್ಧ ಮನ್ಯಾಗ ಹಾಕೂದು. ಅರ್ಧ ತಂಬಗ್ಯಾಗ ಒಯ್ದು ಹೊಲದಾಗ ಹಾಕೂದು. ಮತ್ತ ನಮ್ಮ ಹೊಲದ ಹಸಿ ಕಡ್ಲಿ ಸುಲದು ಹಾಕು, ಬಾಯಾಗ ಪಟ್ ಅಂತದ."

ಇನ್ನು ಹೊಟ್ಟೆಗಳ ವಿಚಾರ. "ಈಗ ಹೇಳು" ಎಂದಳು. "ಒಬ್ಬೊಬ್ಬಾಕಿದೂ ಹೇಳು."

ಭಾಗ್ಯ ಮೊಬೈಲಿನಲ್ಲಿ ಎಲ್ಲರೂ ಕೂಡಿ ತೆಗೆಸಿಕೊಂಡ ಪಟ ತೋರಿಸಿದಳು. ಅಮೃತಮ್ಮ ಕಣ್ಣು ಕಿರಿದು ಮಾಡಿ ಒಂದೊಂದು ಮುಖದ ಮೇಲೂ ಬೆರಳಿಟ್ಟಳು. ಈಕೆ ಪಂಚಶೀಲಾ, ನಾಚಿಕೆಯವಳು, ಡಬ್ಬಿ ಪೂರ್ತಿ ತೆಗೆಯದೆ ಮುಚ್ಚಳದ ಸಂದಿಯಿಂದ ಉಣ್ಣುತ್ತಾಳೆ. ಈಕೆ ರಾತ್ರಿ ಪಾಳಿಯವಳು, ಎದ್ದ ಕೂಡಲೇ ಏನೂ ಸೇರುವುದಿಲ್ಲ. ಈಕೆ ಸೋಮವಾರ ಒಪ್ಪತ್ತು. ಈಕೆ ಉಂಡದ್ದು ಎಲ್ಲಿ ಹೋಗುತ್ತದೋ, ಕಡ್ಡಿಯಂತಿದ್ದಾಳೆ, ನಾಲ್ಕು ಚಪಾತಿ ಎತ್ತುತ್ತಾಳೆ.

"ಇವರೆಲ್ಲಾ ದಿನಾ ಏನ ಉಣ್ತಾರ?"

"ಕಾರ್ಖಾನಿ ಕ್ಯಾಂಟೀನಿಂದು ಅನ್ನ, ನೀರ ಸಾರು. ರೂಮಿನಾಗ ಮ್ಯಾಗಿ, ಪಾಸ್ತಾ, ಬ್ರೆಡ್. ರೊಟ್ಟಿ ಬಡಿಯಾಕ ಒಲಿ ಎಲ್ಲೈತಿ ಆಯಿ?"

ಅಮೃತಮ್ಮ ಪಟದ ಮುಖಗಳನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಎಂದಳು: "ಹಂಗಾರ ಇವರು ಪಾಸ್ತಾ ಕಾಣದವರಲ್ಲ, ರೊಟ್ಟಿ ಕಾಣದವರು."

ಮಧ್ಯಾಹ್ನದ ಬಿಸಿಲು ಕಟ್ಟೆಯ ಮೇಲೆ ಹಳದಿ ಚಾದರದಂತೆ ಬಿದ್ದಿತ್ತು. ಆಕೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಮೂರು ವರ್ಷದ ಮೇಲೆ ಚಾಪೆ ಬಿಚ್ಚಿಕೊಂಡಿತು. ಮನೆಯಲ್ಲಲ್ಲ, ಹೊಲದಲ್ಲಿ, ಬನ್ನಿಗಿಡದ ನೆರಳಿನಲ್ಲಿ. ಸುತ್ತಲೂ ತೆನೆ ಹೊತ್ತ ಜೋಳ ಮೆಲ್ಲಗೆ ಓಲಾಡುತ್ತಿತ್ತು. ಹುಡುಗಿಯರು ಬಂದು ಕುಳಿತರು, ಬಳೆಗಳ ಸಪ್ಪಳ ಕೂಡ ಕೇಳಿಸಿತು. ಬಡಿಸುತ್ತ ನಡೆದಳು. ಅವರ ಕೈ ಸಜ್ಜೆ ರೊಟ್ಟಿಗೆ ಹೋಗುತ್ತಿತ್ತು, ಬದನೆಕಾಯಿ ಭರ್ತಕ್ಕೆ, ಪುಂಡಿಪಲ್ಯಕ್ಕೆ ಹೋಗುತ್ತಿತ್ತು. ಪಾಸ್ತಾಕ್ಕೆ ಅರ್ಧ ಪಾವಿನಲ್ಲೇ ಕೈ ಅಡ್ಡ ಬಂತು. ಹತ್ತು, ಹನ್ನೊಂದು, ಹನ್ನೆರಡು ಎಲೆ ದಾಟಿದಳು.

ಹದಿಮೂರನೆಯ ಎಲೆಯ ಮುಂದೆ ಪರಮಣ್ಣ ಕುಳಿತಿದ್ದ. ಬಿಳಿ ಅಂಗಿ, ಕೆಂಪು ವಸ್ತ್ರ. ತಾಟು ಹಿಡಿದು ನಕ್ಕ.

ಅಮೃತಮ್ಮ ಬೆಚ್ಚಿ ಕಣ್ಣು ತೆರೆದಳು. ಕಟ್ಟೆಯ ಬಿಸಿಲು ಅಂಗಳಕ್ಕಿಳಿದಿತ್ತು.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನ ಆಕೆ ಉಪಾಯ ಮಾಡಿ ಸಾಲಿನ ಆ ತುದಿಯಿಂದ ಬಡಿಸುತ್ತ ಬಂದಳು. ಆತ ಅಲ್ಲೂ ಇದ್ದ, ಕಾಲು ಮಡಚಿ ನಿಶ್ಚಿಂತೆಯಿಂದ ಕುಳಿತಿದ್ದ. ಆತನನ್ನು ದಾಟಿ ಹೋಗಲು ಕಾಲು ಬರಲಿಲ್ಲ. "ಸಾಕು ಅನ್ನಬಾರದೇನ ಒಮ್ಮೆರ?" ಎಂದು ಕಣ್ಣು ಮುಚ್ಚಿಕೊಂಡೇ ಬೈದಳು. ಅಂಗಳ ಗುಡಿಸುತ್ತಿದ್ದ ಮೌನೇಶ್ವರಿ ಕಸಬರಿಗೆ ಹಿಡಿದು ನಿಂತು ನೋಡಿ, ಸದ್ದು ಮಾಡದೆ ಒಳಗೆ ಹೋದಳು.

ನಾಲ್ಕು ದಿನ ಮುಗಿದವು. ಭಾಗ್ಯ ಕೇಳಿದಳು. ಅಮೃತಮ್ಮ ತಲೆಯಾಡಿಸಿದಳು. "ಇನ್ನೊಂದ ದಿನ ತಡಿ. ನನ್ನ ಹೊಲಕ್ಕ ಕರಕೊಂಡ ಹೋಗು."

ಹೊಲ ದೇವಾಪುರದ ಹಾದಿಯಲ್ಲಿತ್ತು, ಕಾಲುವೆಯ ನೀರು ಏರದ ಎತ್ತರದ ಕಪ್ಪು ನೆಲ. ಭಾಗ್ಯ ಕಡಲೆಯ ಸಾಲಿನಲ್ಲಿ ಕಾಯಿ ಎಷ್ಟು ಬಲಿತಿವೆ ಎಂದು ನೋಡುತ್ತ ದೂರ ಹೋದಳು. ಅಮೃತಮ್ಮ ಬದುವಿನ ಮೇಲೆ, ಪರಮಣ್ಣನನ್ನು ಮಣ್ಣು ಮಾಡಿದ ಜಾಗದ ಎದುರಿಗೆ ಕುಳಿತಳು. ಅಲ್ಲಿ ಒಂದು ಗುಂಡುಕಲ್ಲು ಬಿಟ್ಟರೆ ಏನಿಲ್ಲ. ಸುತ್ತಲಿನ ಜೋಳ ಉಳಿದ ಕಡೆಗಿಂತ ಒಂದು ಗೇಣು ಎತ್ತರ ಬೆಳೆದಿತ್ತು. "ಇಲ್ಲೂ ಉಣ್ಣಾಕತ್ತಿ" ಎಂದಳು. ಗಾಳಿ ಬೀಸಿ ತೆನೆಗಳು ಬಾಗಿದವು.

ಆಗ ಮದುವೆಯಾಗಿ ಬಂದ ವರ್ಷದ ಎಳ್ಳಮಾಸಿ ಕಣ್ಣಿಗೆ ಕಟ್ಟಿತು. ಅತ್ತೆ ಚರಗದ ಬುಟ್ಟಿಯನ್ನು ಆಕೆಯ ತಲೆಯ ಮೇಲಿಟ್ಟಿದ್ದಳು. ಮಾಡಿದ ಅಡುಗೆಯಲ್ಲೆಲ್ಲ ಮೊದಲ ತುತ್ತು ತೆಗೆದು, ಕಲಸಿ, ಹೊಲದ ಸುತ್ತ ಚೆಲ್ಲುವ ಅನ್ನ ಅದು. ಪರಮಣ್ಣ ಮುಂದೆ ಚೆಲ್ಲುತ್ತ ನಡೆಯುತ್ತಿದ್ದ. ಒಂದು ಮೂಲೆಯಲ್ಲಿ ಆಕೆ, ಬಿದ್ದ ಅನ್ನವನ್ನು ಮಣ್ಣು ಉಂಡಿತೋ ಇಲ್ಲವೋ ಎಂದು ತಿರುಗಿ ನೋಡುತ್ತ ನಿಂತುಬಿಟ್ಟಳು. ಹಿಂದಿನಿಂದ ಅತ್ತೆ ಬೆನ್ನಿಗೆ ಮೆಲ್ಲಗೆ ಬಡಿದಳು.

"ನಿಲ್ಲಬ್ಯಾಡ ಹುಡುಗಿ. ಭೂಮಿ ಸಾಕು ಅನ್ನಾಂಗಿಲ್ಲ. ಆಕಿಗಿ ಹಾಕಬೇಕು, ನಡೀಬೇಕು."

ಅಮೃತಮ್ಮ ಬದುವಿನ ಮೇಲೆ ಕುಳಿತಲ್ಲೇ ಕಣ್ಣು ಮುಚ್ಚಿದಳು. ಚಾಪೆ ಬಿಚ್ಚಿಕೊಂಡಿತು. ಈ ಸಲ ಹುಡುಗಿಯರಿಗಿಂತ ಮೊದಲು, ಸೌಟು ಹಿಡಿಯದೆ, ಬರಿಗೈಯಲ್ಲಿ ಒಂದು ಹಿಡಿ ಪಾಸ್ತಾ ತೆಗೆದುಕೊಂಡು ಪರಮಣ್ಣನ ಬಳಿ ಹೋದಳು. ಆತನ ತಾಟಿನಲ್ಲಿ ಹಾಕಿದಳು. "ಇದು ನಿನ್ನ ಮೊಮ್ಮಗಳ ಅಡಗಿ. ಟೊಳ್ಳು ಐತಿ, ಹಗೂರ ತಿನ್ನು" ಎಂದಳು. ಆತ ನಗುತ್ತಲೇ ಇದ್ದ, ತಾಟು ಹಿಡಿದೇ ಇದ್ದ. ಆಕೆ ನಿಲ್ಲಲಿಲ್ಲ. ನಡೆದಳು. ಹಿಂದೆ ತಿರುಗಿ ನೋಡಲಿಲ್ಲ. ಮುಂದೆ ಪಂಚಶೀಲಾಳ ಎಲೆ, ಅದರ ಮುಂದೆ ಇನ್ನೊಂದು. ಇಪ್ಪತ್ತನಾಲ್ಕು ಎಲೆ, ಅರ್ಧ ಅರ್ಧ ಪಾವು. ಎಂಟು ಹುಡುಗಿಯರು ಮತ್ತೊಮ್ಮೆ ಬೇಡಿದರು. ಮನೆಯವರು ನಾಲ್ವರು, ಅವರಿಗೂ ಅರ್ಧ ಅರ್ಧ. ಪಕ್ಕದ ಹೊಲಗಳ ಆರು ಹೆಣ್ಣುಮಕ್ಕಳು ರುಚಿ ನೋಡಲೆಂದು ಬಂದರು. ಆ ಆರು ಮಂದಿಗೆ ಕೂಡಿ ಎರಡು ಪಾವು. ಕೊನೆಯ ಕೈ ಅಡ್ಡ ಬಂದಾಗ ಬೋಗುಣಿಯ ತಳ ನೋಡಿದಳು. ಇಪ್ಪತ್ತು ಪಾವು ಹೋಗಿತ್ತು. ಕೈತಪ್ಪಿಗೆ ಒಂದು ಇರಲಿ ಎಂದು ಇಪ್ಪತ್ತೊಂದು ಮಾಡಿದಳು. ಕಲಸಿದ ಮೂರು ಪಾವಿಗೆ ಒಣ ಪಾಸ್ತಾ ಒಂದು ಪಾವಿನಂತೆ ಏಳು ಸಲ ಬೆರಳು ಮಡಚಿದಳು.

"ಭಾಗ್ಯಾ" ಎಂದು ಕೂಗಿದಳು. "ಏಳ ಪಾವು. ಒಣಾದು."

ಭಾಗ್ಯ ಕಡಲೆಯ ಗಿಡ ಹಿಡಿದು ಓಡಿ ಬಂದಳು. "ಏಳ ಪಾವಂದ್ರ ಎಷ್ಟ ಪಾಕೀಟ?"

"ಒಡದ ಪಾಕೀಟಿನಾಗ ಮೂರ ಪಾವು, ಒಂದ ಹಿಡಿ ಐತಿ. ಇನ್ನೊಂದ ಪಾಕೀಟ ತಗೊಂಡ್ರ ಆತು."

"ಒಂದಽ?" ಭಾಗ್ಯಳ ಬಾಯಿ ತೆರೆದೇ ಉಳಿಯಿತು.

ಸಂಜೆ ಬಜಾರಿಗೆ ಇಬ್ಬರೂ ಹೋದರು. ಕಿರಾಣಿ ಅಂಗಡಿಯ ಅಮೀನುದ್ದೀನ ಅಮೃತಮ್ಮನನ್ನು ಕಂಡು ಗಲ್ಲೆಯಿಂದ ಎದ್ದೇ ನಿಂತ. "ಬರ್ರಿ ಅವ್ವಾರ! ನಿಮ್ಮ ದರ್ಶನ ಇಲ್ಲದ ಎಷ್ಟ ವರ್ಷ ಆತ್ರಿ. ಹೇಳ್ರಿ, ಯಾರ ಮದುವಿ?"

"ಮದುವಿಯಲ್ಲ ಸಾಹೇಬ್ರ, ಚರಗ. ಇದಽ ಪಾಸ್ತಾ ಒಂದ ಪಾಕೀಟ ಕೊಡ್ರಿ. ಮೂವತ್ತನಾಕ ಎಲಿ ಅವ."

"ಮೂವತ್ತನಾಕ ಎಲಿಗಿ ಒಂದ ಪಾಕೀಟ? ಗುಬ್ಬಿಗೋಳಿಗಿ ಊಟಕ್ಕ ಕರದೀರೇನ್ರಿ?"

"ಗುಬ್ಬಿಗೋಳ್ದೂ ಲೆಕ್ಕ ಹಿಡದೀನಿ."

ಅಮೀನುದ್ದೀನ ನಕ್ಕು ಭಾಗ್ಯಳ ಕಡೆಗೆ ತಿರುಗಿದ. "ಬೇಟಿ, ನಾಕ ಪಾಕೀಟ ಒಯ್ಯಿ. ಒಡೀಲಾರದ್ದು ವಾಪಸ್ ತಾ, ತಗೋತೀನಿ. ಅದಕ್ಕೇನ ಫಿಕರ್ ಇಲ್ಲ."

ಭಾಗ್ಯ ತಡವರಿಸಿದಳು. ಇಪ್ಪತ್ತನಾಲ್ಕು ಗೆಳತಿಯರು ಎರಡು ಗಾಡಿ ಮಾಡಿಕೊಂಡು ಬರುವವರಿದ್ದರು. "ತಗೊಳ್ಳೂಣಾ ಆಯಿ? ಮನ್ಯಾಗ ಸುಮ್ಕ ಇರ್ತಾವು."

"ಮನ್ಯಾಗಿದ್ರ ಸುಮ್ಕ ಇರಾಂಗಿಲ್ಲ. ನಿಮ್ಮವ್ವನ ಕೈ ಹೋಗ್ತದ. ಆಕಿಗಿ ಅಂಜಿಕಿ ಐತಿ" ಎಂದಳು ಅಮೃತಮ್ಮ. ಆಮೇಲೆ ಮೊಮ್ಮಗಳ ಕೈಹಿಡಿದು, "ನಿನಗೂ ಐತಿ. ನಿನ್ನ ಮಂದಿ, ನಿನ್ನ ಮಾನ. ನೀ ಹೆಂಗಂತಿ ಹಂಗ" ಎಂದಳು.

ಭಾಗ್ಯ ಬಹಳ ಹೊತ್ತು ಪಾಕೀಟುಗಳ ಸಾಲನ್ನು ನೋಡಿದಳು. ಕೊನೆಗೆ ಒಂದನ್ನು ಎತ್ತಿಕೊಂಡಳು.

ಎಳ್ಳಮಾಸಿಯ ದಿನ ಹುಡುಗಿಯರು ಎರಡು ಕ್ರೂಸರ್ ಗಾಡಿಗಳಲ್ಲಿ ಶಹಾಪುರದ ಮೇಲೆ ಹಾದು ಬಂದರು. ಬರುತ್ತ ಮಲಗಿದ ಮನುಷ್ಯನಂತಿರುವ ಬೆಟ್ಟದ ಪಟ ತೆಗೆದಿದ್ದರು. ಇಳಿದ ಕೂಡಲೇ ಅಜ್ಜಿಗೆ ತೋರಿಸಿದರು. "ಇಂವ ಹೊಟ್ಟಿ ತುಂಬ ಉಂಡು ಮಲಗ್ಯಾನ" ಎಂದಳು ಅಮೃತಮ್ಮ. ಹುಡುಗಿಯರು ನಕ್ಕರು. ಆಕೆ ಮಾತ್ರ ಚಿಕ್ಕಂದಿನಿಂದ ಅದನ್ನೇ ನಂಬಿದವಳು.

ಬನ್ನಿಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲುಗಳಿಗೆ ಪೂಜೆಯಾಯಿತು. ಮಗ ಚರಗದ ಬುಟ್ಟಿ ಎತ್ತಿದ. ಭಾಗ್ಯ ಒಂದು ಹಿಡಿ ಪಾಸ್ತಾ ತಂದು ಅಜ್ಜಿಯ ಕೈಯಲ್ಲಿಟ್ಟಳು. "ಇದನ್ನ ಭೂಮಿಗಿ ಹಾಕ್ತಾರೇನ ಆಯಿ?" ಎಂದಳು ಮೆಲ್ಲಗೆ.

"ಮನ್ಯಾಗ ಮಾಡಿದ್ದೆಲ್ಲಾ ಹಾಕಬೇಕು. ಬಿಟ್ಟು ಉಂಡ್ರ ಸಿಟ್ಟಾಗ್ತಾರ." ಯಾರು ಎಂದು ಆಕೆ ಹೇಳಲಿಲ್ಲ. ಗುಂಡುಕಲ್ಲಿನ ಬಳಿ ಬಂದಾಗ ಕೈ ಬಿಚ್ಚಿದಳು. ನಡೆದಳು. ಜೋಳದೊಳಗೆ ಏನೋ ಸರ ಸರ ಅಂದಿತು. ಅದು ಗಾಳಿಯೂ ಇರಬಹುದು, ಗುಬ್ಬಿಯೂ ಇರಬಹುದು.

ಮುತ್ತಲ ಎಲೆಯ ಪತ್ರಾವಳಿ ಹಾಸಿ ಎಲ್ಲರೂ ಕುಳಿತರು. ಭಾಗ್ಯ ತಂಬಿಗೆಯಲ್ಲಿ ತಂದಿದ್ದ ಹುಳಿ, ಎಣ್ಣೆ ಸುರಿದು ಕಲಸಿದ ಕೂಡಲೇ ಅಂಟಿದ್ದ ಪಾಸ್ತಾ ಬಿಡಿಬಿಡಿಯಾಗಿ ಹೊಳೆಯಿತು, ನಡುನಡುವೆ ಹಸಿ ಕಡಲೆ. ಅಮೃತಮ್ಮ ಸೌಟು ಹಿಡಿಯಲಿಲ್ಲ. ಬನ್ನಿಗಿಡದ ಬುಡಕ್ಕೆ ಒರಗಿ, ಕಣ್ಣು ತೆರೆದುಕೊಂಡೇ ಸಾಲನ್ನು ನೋಡಿದಳು. ಮೌನೇಶ್ವರಿ ಬಡಿಸುತ್ತಿದ್ದಳು, ಎಲೆ ಎಲೆಗೂ ಒಮ್ಮೆ ಬೋಗುಣಿಯೊಳಗೆ ಇಣುಕುತ್ತಿದ್ದಳು. ಹುಡುಗಿಯರು ಪಾಸ್ತಾ ತಿಂದು "ಭಾರಿ ಆಗ್ಯಾದ ಭಾಗ್ಯಾ!" ಎಂದರು, ಎಂದವರೇ ಸಜ್ಜೆ ರೊಟ್ಟಿಯ ಮೇಲೆ ಬಿದ್ದರು. "ಅವ್ವಾರ, ಇನ್ನೊಂದ ರೊಟ್ಟಿ. ಆ ಭರ್ತಾ ಈ ಕಡಿ ತರ್ರಿ." ನಾಚಿಕೆಯ ಪಂಚಶೀಲಾ ಒಬ್ಬಳು ಮಾತ್ರ ಲೆಕ್ಕ ತಪ್ಪಿಸಿದಳು, ಮೂರು ಸಲ ಪಾಸ್ತಾ ಹಾಕಿಸಿಕೊಂಡಳು. ನಾಲ್ಕು ಚಪಾತಿಯ ಹುಡುಗಿಗೆ ಎರಡನೆಯ ಸಲ ಬೇಡವಾಯಿತು. ಪಕ್ಕದ ಹೊಲದ ಹೆಣ್ಣುಮಕ್ಕಳು ಬಂದರು. ಒಬ್ಬಳು ಕೊಳವೆಯನ್ನು ಕಣ್ಣಿಗೆ ಹಿಡಿದು ಆಕಾಶ ನೋಡಿದಳು.

ಎಲ್ಲ ಮುಗಿಯುವ ಹೊತ್ತಿಗೆ ಬದುವಿನ ಆಚೆಯಿಂದ ಇಬ್ಬರು ಗಂಡಸರು ಕೈ ಒರೆಸಿಕೊಳ್ಳುತ್ತ ಬಂದರು. ಗಾಡಿ ಓಡಿಸಿಕೊಂಡು ಬಂದವರು, ಜಲಾಲುದ್ದೀನ ಮತ್ತು ಬಸಲಿಂಗ. ನೆರಳಿಗೆ ಗಾಡಿ ಹಚ್ಚಿ ಮಲಗಿದ್ದರಂತೆ.

ಒರಗಿದ್ದ ಅಮೃತಮ್ಮ ನೆಟ್ಟಗೆ ಕುಳಿತಳು. ಗಾಡಿಗಳು ತಾವಾಗಿ ಬರುವುದಿಲ್ಲ. ಸಾಲಿನಲ್ಲಿ ಅವರನ್ನು ಆಕೆ ಕೂಡಿಸಿರಲೇ ಇಲ್ಲ.

ಮೌನೇಶ್ವರಿ ಅತ್ತೆಯ ಕಡೆಗೆ ನೋಡಿದ್ದು ಒಂದೇ ಕ್ಷಣ. ಬೋಗುಣಿ ಓರೆ ಮಾಡಿದಳು. ಕೈತಪ್ಪಿಗೆ ಇಟ್ಟಿದ್ದ ಒಂದು ಪಾವು ತಳದಲ್ಲಿತ್ತು, ಅಮೃತಮ್ಮನ ಮತ್ತು ಮೌನೇಶ್ವರಿಯ ಪಾಲೂ ಇತ್ತು. ಇಬ್ಬರಿಗೂ ಎರಡೆರಡು ಸೌಟು ತುಂಬ ಹಾಕಿದಳು. "ಭಾಳಾತ್ರಿ ಅಕ್ಕಾ, ಸಾಕು ಸಾಕು" ಎಂದು ಜಲಾಲುದ್ದೀನ ಎಲೆಗೆ ಕೈ ಅಡ್ಡ ಹಿಡಿದ. ತಳದಲ್ಲಿ ಒಂದು ಹಿಡಿಯಷ್ಟು ಉಳಿಯಿತು. ಅತ್ತೆ ಸೊಸೆ ಇಬ್ಬರೂ ಅದನ್ನು ಒಂದೇ ಬೋಗುಣಿಯಿಂದ ಬೆರಳಿನಿಂದ ಆರಿಸಿ ತಿಂದರು.

"ಎರಡ ಎಲಿ ತಪ್ಪೀನಿ" ಎಂದಳು ಅಮೃತಮ್ಮ.

"ಯಾರಿಗಿ ಗೊತ್ತಾಗ್ಯಾದ? ಎಲ್ಲಾರೂ ಉಂಡ್ರಲ್ಲ."

"ನನಗ ಗೊತ್ತಾತಲ್ಲವ್ವ. ಬರಾಬ್ಬರಿ ಬಂದ್ರ ಅಂತ ಮಾತಾಗಿತ್ತು. ನಾವಿಬ್ಬರೂ ಅರೆಹೊಟ್ಟಿ ಉಳದೀವಿ."

ಮೌನೇಶ್ವರಿ ರೊಟ್ಟಿಯ ಗಂಟು ಬಿಚ್ಚಿ ಅತ್ತೆಯ ಮುಂದೆ ಒಂದು ರೊಟ್ಟಿ, ತನ್ನ ಮುಂದೆ ಒಂದು ಇಟ್ಟಳು. ಸಂಜೆ ಗಾಡಿಗಳು ಹೊರಟಾಗ ಹುಡುಗಿಯರು ಉಳಿದ ರೊಟ್ಟಿಗಳನ್ನು ಹಂಚಿಕೊಂಡು ಒಯ್ದರು. ಪಾಸ್ತಾ ಒಯ್ಯಲು ಉಳಿದಿರಲಿಲ್ಲ.

ಆ ರಾತ್ರಿ ಅಮೃತಮ್ಮ ಪಾವನ್ನು ತಾನೇ ತೊಳೆದು, ಸೊಸೆಯ ಕೈಗೆ ಸಿಗುವಂತೆ ಒಲೆಯ ಪಕ್ಕದಲ್ಲಿ ಇಟ್ಟು ಮಲಗಿದಳು. ಹಲಗೆಗೆ ಹತ್ತಿಸುವುದು ಆಕೆಯಿಂದ ಆಗುತ್ತಿರಲಿಲ್ಲ.

ಬೆಳಿಗ್ಗೆ ಕಟ್ಟೆಯ ಮೇಲೆ ಎಳೆ ಬಿಸಿಲಿಗೆ ಕುಳಿತಿದ್ದಾಗ ತೊಡೆಯ ಮೇಲೆ ಏನೋ ತಣ್ಣಗೆ ತಗುಲಿತು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಪಾವು ಚಿನ್ನದಂತೆ ಹೊಳೆಯುತ್ತಿತ್ತು. ಮೌನೇಶ್ವರಿ ಮೊರದಲ್ಲಿ ಅಕ್ಕಿ ಹಿಡಿದು ನಿಂತಿದ್ದಳು, ಮುಖ ಅಂಗಳದ ಕಡೆಗೆ.

"ಅತ್ತಿ, ಇವತ್ತ ಎಷ್ಟ ಹಾಕೂಣ್ರಿ?"

ಅಮೃತಮ್ಮನ ಹೆಬ್ಬೆರಳು ತಗ್ಗನ್ನು ಹುಡುಕಿಕೊಂಡಿತು. "ಯಾರ್ಯಾರು ಉಣ್ತಾರ?"

"ನಾವಽ ನಾಕ ಮಂದಿ. ಮತ್ಯಾರ?"

"ಭಾಗ್ಯಾ ಮಧ್ಯಾಹ್ನದ ಬಸ್ಸಿಗಿ ಹೋಗ್ತಾಳ. ಹೋಗೂ ಗಡಿಬಿಡಿಯಾಗ ಹೊಟ್ಟಿ ತುಂಬ ಉಣ್ಣಾಂಗಿಲ್ಲ" ಎನ್ನುತ್ತ ಆಕೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಮೌನೇಶ್ವರಿ ಮೊರ ಹಿಡಿದು ಕಾದಳು, ಅವಸರ ಮಾಡಲಿಲ್ಲ. ಚಾಪೆ ಬಿಚ್ಚಿಕೊಂಡಿತು. ನಾಲ್ಕೇ ಎಲೆ. ಅಮೃತಮ್ಮ ಮೊದಲು ಒಂದು ಚಿಟಿಕೆ ಅನ್ನ ಬರಿಗೈಯಲ್ಲಿ ತೆಗೆದು, ಹೊಸ್ತಿಲ ಆಚೆ ಕುಳಿತವನಿಗೆ ಹಾಕಿ, ನಿಲ್ಲದೆ ಒಳಗೆ ನಡೆದಳು.

"ಎರಡ ಪಾವು" ಎಂದಳು ಕಣ್ಣು ತೆರೆಯುತ್ತ. "ಮ್ಯಾಲ ಒಂದ ಚಿಟಿಕಿ."